ಏಡಿಯ ಹೆಸರಿನಲ್ಲಿ

ರಾಯಬಂದರದ ಜೆಟ್ಟಿಯಿಂದ ಎಂಟೂ ಕಾಲಿನ ಫೆರಿ.
ಚೀಲದಲ್ಲಿ ಟೇಪು, ಇಂಕಿನ ಡಬ್ಬಿ,
ಮಳೆಗೆ ಮೆತ್ತಗಾದ ನಲವತ್ತು ಖಾಲಿ ಅರ್ಜಿ.
ಚೋಡಣದ ಕಟ್ಟೆ ಒಡೆದು ಇವತ್ತಿಗೆ ಆರು ದಿನ.

ಇಲ್ಲಿ ಇದಕ್ಕೆ ಖಾಜನ್ ಅನ್ನುತ್ತಾರೆ.
ಅಘನಾಶಿನಿಯ ದಂಡೆಯಲ್ಲಿ, ನನ್ನ ಅಜ್ಜಿಯ ಬಾಯಲ್ಲಿ, ಗಜನಿ.
ಇಲ್ಲಿಯ ಕೊರ್ಗುಟ್ ಅಲ್ಲಿಯ ಕಗ್ಗ,
ಇಲ್ಲಿಯ ಮಾನಸ್ ಅಲ್ಲಿಯ ಜಂತ್ರಡಿ.
ಉಪ್ಪು ಮಾತ್ರ ಎರಡೂ ಕಡೆ
ಒಂದೇ ಭಾಷೆ ಆಡುತ್ತದೆ.

ಎಸ್ಪೆರಾನ್ಸಾ ರಿಬೆಲೊ ಬದುವಿನ ಮೇಲೆ ನಿಂತಿದ್ದಳು,
ಫ್ರಾಕಿನ ಅಂಚು ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಗೊಬ್ಬರದ ಚೀಲ ಹೊದ್ದು.
ಬನ್ನಿ ಅನ್ನಲಿಲ್ಲ. ಒಂದು ಹಿಡಿ ಕೆಸರೆತ್ತಿ ಚಾಚಿದಳು:
"ಬರೆಯುವ ಮೊದಲು ರುಚಿ ನೋಡಿ."
ನೋಡಿದೆ.
ಹದಿನಾರು ವರ್ಷದ ನೌಕರಿಯಲ್ಲಿ
ಇಲಾಖೆಯ ಯಾವ ಕಾಲಮ್ಮೂ ನಾಲಗೆಗೆ ತಾಗಿರಲಿಲ್ಲ.

ಪೈರು ನಿಂತೇ ಇತ್ತು, ನಿಂತಲ್ಲೇ ಬೆಂದು.
ಜ್ಯೋತಿ ತಳಿ. ನಾವೇ ಕೊಟ್ಟ ಬೀಜ, ಅರ್ಧ ಬೆಲೆಗೆ.
"ಕೊರ್ಗುಟ್ ಆಗಿದ್ದರೆ ಇನ್ನೆರಡು ಭರತ ತಡೆಯುತ್ತಿತ್ತು" ಅಂದಳು,
ದೂರಿದ ಹಾಗಲ್ಲ,
ತೀರಿಕೊಂಡವರ ವಯಸ್ಸು ಹೇಳಿದ ಹಾಗೆ.

ಒಡೆದ ಜಾಗಕ್ಕೆ ಟೇಪು ಹಿಡಿದೆವು: ಮೂರು ಮೀಟರು ನಲವತ್ತು.
ಅಂಚು ನೆಟ್ಟಗೆ, ಹಲ್ವ ಕತ್ತರಿಸಿದಂತೆ.
ಕೆಸರಲ್ಲಿ ಗುದ್ದಲಿ ಕಚ್ಚಿದ ಗುರುತು, ನಾಲ್ಕು ಕಡೆ.
ಆಚೆಗೆ ಸೀಗಡಿ ಗುತ್ತಿಗೆಯ ಹೊಸ ಬಲೆ, ಹೊಸ ಬಲ್ಬು,
ಮಾನಸಿನ ಬಾಯಿಗೆ ಹೊಸ ಬೀಗ.

ಅರ್ಜಿ ಕೇಳುತ್ತದೆ: ಹಾನಿಗೆ ಕಾರಣ?
ಮನುಷ್ಯ ಅಂತ ಬರೆದರೆ ಅದು ವಿಕೋಪವಲ್ಲ, ವ್ಯಾಜ್ಯ.
ಪರಿಹಾರದ ಮೇಜಿನಿಂದೆದ್ದ ಕಡತ
ಪೊಲೀಸು ಠಾಣೆಯ ಬೆಂಚಿನಲ್ಲಿ ಕೂರುತ್ತದೆ,
ಅಲ್ಲಿಂದ ಕೋರ್ಟಿಗೆ,
ಕೋರ್ಟಿನಿಂದ ಮುಂದಿನ ತಾರೀಕಿಗೆ.
ಏಡಿ ಅಂತ ಬರೆದರೆ
ಚದರ ಮೀಟರಿಗೆ ನಾಲ್ಕು ರೂಪಾಯಿ, ನೇರ ಖಾತೆಗೆ.

ಏಡಿ ಕಟ್ಟೆ ಕೊರೆಯುವುದು ಸುಳ್ಳಲ್ಲ.
ಒಂದು ಏಡಿಯ ತೂತು, ಒಂದು ಕೇರಿಯ ಅನ್ನ ಅನ್ನುತ್ತಿದ್ದಳು ಅಜ್ಜಿ.
ಆದರೆ ಏಡಿ ರಾತ್ರಿ ಹನ್ನೊಂದಕ್ಕೆ ಟೆಂಪೊದಲ್ಲಿ ಬರುವುದಿಲ್ಲ,
ಬೀಡಿಯ ತುಂಡು ಬಿಟ್ಟು ಹೋಗುವುದಿಲ್ಲ.

ನನ್ನ ಪೆನ್ನು ನಿಂತದ್ದನ್ನು ಅವಳು ನೋಡಿದಳು.
"ಬರೀರಿ, ಕುರ್ಲಿ.
ಹಿಂದಿನ ಸಲ ನಿಜ ಬರೆಸಿದ್ದೆ.
ಪಣಜಿಗೆ ಹೋದ ನಿಜ ಇನ್ನೂ ವಾಪಸು ಬಂದಿಲ್ಲ."

ಬರೆದೆ.
ಅವಳು ಕೆಳಗೆ ಸಹಿ ಮಾಡಿದಳು, ಪೂರ್ತಿ ಹೆಸರು,
ಸಿ ಅಕ್ಷರದಡಿಗೆ ಒಂದು ಪುಟ್ಟ ಬಾಲ ಎಳೆದು,
ಅವಸರವೇ ಇಲ್ಲದೆ.

ಅವತ್ತು ಹನ್ನೊಂದು ಅರ್ಜಿಯಲ್ಲಿ ಏಡಿ.
ಏಡಿಗೆ ಆಧಾರ್ ಇಲ್ಲ, ವಕೀಲನಿಲ್ಲ,
ಹೊರಲು ಎಂಟು ಕಾಲಿವೆ, ಅಷ್ಟೆ.
"ಈ ವರ್ಷ ಏಡಿ ಜಾಸ್ತಿ" ಅಂದರು ಸಾಹೇಬರು,
ತಲೆಯೆತ್ತದೆ, ಮೊಹರು ಒತ್ತುತ್ತ.

ಎಂಟು ಸಾವಿರದ ಆರುನೂರು ಬಂದದ್ದು ಫೆಬ್ರವರಿಗೆ.
ಐದು ಸಾವಿರ ಅದೇ ಕಟ್ಟೆಗೆ ಮಣ್ಣು ಹೊತ್ತವರ ಕೂಲಿ.
ಉಳಿದದ್ದರ ಲೆಕ್ಕ ನಾನು ಕೇಳಲಿಲ್ಲ,
ಅವಳು ಹೇಳುವವಳೂ ಅಲ್ಲ.

ಒಂದು ಶುಕ್ರವಾರ ಕಚೇರಿಗೆ ಬಂದು
ಕಡತಗಳ ನಡುವೆ ಸ್ಟೀಲಿನ ಡಬ್ಬಿ ಇಟ್ಟಳು.
ಮುಚ್ಚಳ ತೆಗೆದರೆ ಕೆಂಪು ಮಸಾಲೆಯಲ್ಲಿ
ಕೊಂಡಿ ಮಡಚಿದ ಎರಡು ಏಡಿ.
"ಆರೋಪಿಗಳು" ಅಂದಳು. ನಗಲಿಲ್ಲ.
ಫೆರಿಗೆ ಹೊತ್ತಾಯಿತೆಂದು ಹೊರಟುಹೋದಳು.

ಮಧ್ಯಾಹ್ನ ಬಾಗಿಲು ಮುಂದೆ ಮಾಡಿ,
ಪಂಚನಾಮೆಯ ಹಳೇ ಪ್ರತಿ ಹಾಸಿ ಕೂತೆ.
ಚಿಪ್ಪು ಗಟ್ಟಿಯಿತ್ತು. ಪೇಪರ್‌ವೇಟಿನಿಂದ ಒಡೆದೆ.
ಆ ದಿನದ ಕೆಸರನ್ನು ನಾಲಗೆ ತಾನಾಗಿ ಹುಡುಕಿತು.
ಉಪ್ಪು ಒಂದು ಕಲ್ಲು
ಕಮ್ಮಿಯೇ ಹಾಕಿದ್ದಳು.